ಥೈರಾಯ್ಡ್ ತೊಂದರೆ: ಉಪ್ಪು, ಊಟ, ಮಾತ್ರೆ – ಸಂಘದ ಮಹಿಳೆಯರು ತಿಳಿದಿರಬೇಕಾದ ವಿಷಯಗಳು



ವಾರದ ಸಭೆ ಮುಗಿದು, ಉಳಿತಾಯದ ಪುಸ್ತಕ ಮುಚ್ಚಿದ ಮೇಲೆ ನಮ್ಮ ಮಾತು ಮನೆ-ಮಕ್ಕಳು, ಆರೋಗ್ಯದ ಕಡೆಗೆ ಹೊರಳುತ್ತದೆ. "ಯಾಕೋ ಮೈಯೆಲ್ಲ ಭಾರ, ಬೆಳಿಗ್ಗೆ ಏಳಾಕೇ ಆಗಲ್ಲ", "ತಲೆ ಬಾಚಿದ್ರೆ ಕೂದ್ಲು ಗೊಂಚಲಾಗಿ ಬರ್ತೈತೆ", "ಉಣ್ಣೋದು ಒಂದೇ ಮುದ್ದೆ, ಆದ್ರೂ ಮೈ ಊದ್ತಾನೇ ಐತೆ" ಎಂಬ ಮಾತು ಪ್ರತಿ ಸಂಘದಲ್ಲೂ ಕೇಳುತ್ತೇವೆ. ಇದೆಲ್ಲ ವಯಸ್ಸಿನ ದೋಷ, ದುಡಿಮೆಯ ಸುಸ್ತು ಅಂತ ನಾವೇ ತೀರ್ಮಾನ ಮಾಡಿಕೊಂಡು ಸುಮ್ಮನಾಗುತ್ತೇವೆ. ಕೆಲವು ಸಲ ಅದು ನಿಜವೂ ಹೌದು. ಆದರೆ ಕೆಲವು ಸಲ ಇದಕ್ಕೆ ಕಾರಣ ಕುತ್ತಿಗೆಯಲ್ಲಿರುವ ಒಂದು ಪುಟ್ಟ ಗ್ರಂಥಿ. ಅದೇ ಥೈರಾಯ್ಡ್.

ಇತ್ತೀಚೆಗೆ ಈ ಹೆಸರು ಎಲ್ಲರ ಬಾಯಲ್ಲೂ ಇದೆ. ಅದರ ಜೊತೆಗೆ ಭಯವೂ ಹರಡಿದೆ, ತಪ್ಪು ಮಾತೂ ಹರಡಿದೆ. "ಕೋಸು ತಿನ್ನಬೇಡ", "ರಾಗಿ ಬಿಟ್ಟುಬಿಡು", "ಈ ಪುಡಿ ಮೂರು ತಿಂಗ್ಳು ತಗೊಂಡ್ರೆ ಮಾತ್ರೆ ಬೇಕಾಗಿಲ್ಲ" ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಾಗಾದರೆ ಸರಿ ಯಾವುದು? ಒಂದೇ ಮಾತಿನಲ್ಲಿ ಹೇಳುವುದಾದರೆ: ಸರಿಯಾದ ಉಪ್ಪು ಮತ್ತು ಊಟ ಥೈರಾಯ್ಡನ್ನು ಕಾಪಾಡುತ್ತದೆ, ಆದರೆ ಗ್ರಂಥಿ ಸೋತ ಮೇಲೆ ಮಾತ್ರೆಯ ಕೆಲಸವನ್ನು ಯಾವ ಊಟವೂ ಮಾಡಲಾರದು. ಇದನ್ನು ಬಿಡಿಸಿ ತಿಳಿದುಕೊಳ್ಳೋಣ.

ಥೈರಾಯ್ಡ್ ಎಂದರೇನು?

ಕುತ್ತಿಗೆಯ ಮುಂಭಾಗದಲ್ಲಿ, ಗಂಟಲ ಗಂಟಿನ ಕೆಳಗೆ, ಚಿಟ್ಟೆ ರೆಕ್ಕೆ ಬಿಚ್ಚಿದ ಆಕಾರದಲ್ಲಿ ಈ ಗ್ರಂಥಿ ಇರುತ್ತದೆ. ತೂಕ ಸುಮಾರು 20 ಗ್ರಾಂ. ಇದು ತಯಾರಿಸುವ ಥೈರಾಕ್ಸಿನ್ ಎಂಬ ರಸ ರಕ್ತದಲ್ಲಿ ಸೇರಿ ಇಡೀ ದೇಹಕ್ಕೆ ಹೋಗುತ್ತದೆ. ಎದೆ ಎಷ್ಟು ವೇಗವಾಗಿ ಬಡಿಯಬೇಕು, ಉಂಡ ಅನ್ನ ಎಷ್ಟು ಬೇಗ ಶಕ್ತಿಯಾಗಬೇಕು, ಮೈ ಎಷ್ಟು ಬಿಸಿ ಇರಬೇಕು, ಮುಟ್ಟು ಹೇಗೆ ಬರಬೇಕು, ಮಗುವಿನ ಮೆದುಳು ಹೇಗೆ ಬೆಳೆಯಬೇಕು ಎಂಬುದೆಲ್ಲ ಈ ರಸದ ಮೇಲೆ ನಿಂತಿದೆ. ಒಲೆಯ ಉರಿಯನ್ನು ಹೆಚ್ಚು ಕಡಿಮೆ ಮಾಡಿದ ಹಾಗೆ ಇದರ ಕೆಲಸ.

ಉರಿ ಕಡಿಮೆಯಾದರೆ ಹೈಪೋಥೈರಾಯ್ಡ್. ಆಗ ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ಧ್ವನಿ ಗೊಗ್ಗರಾಗುವುದು, ಮುಖ ಊದುವುದು, ಮರೆವು, ಮನಸ್ಸಿಗೆ ಬೇಸರ, ಮುಟ್ಟು ಹೆಚ್ಚಾಗಿ ಹೋಗುವುದು, ಗರ್ಭ ನಿಲ್ಲದಿರುವುದು ಕಾಣಬಹುದು. ತೂಕವೂ ಸ್ವಲ್ಪ ಏರುತ್ತದೆ.

ಉರಿ ಹೆಚ್ಚಾದರೆ ಹೈಪರ್ ಥೈರಾಯ್ಡ್. ಆಗ ಚೆನ್ನಾಗಿ ಉಂಡರೂ ತೂಕ ಇಳಿಯುವುದು, ಎದೆ ಡವಡವ ಬಡಿಯುವುದು, ಕೈ ನಡುಕ, ಸೆಕೆ ತಡೆಯದಿರುವುದು, ನಿದ್ದೆ ಬಾರದಿರುವುದು, ಕೆಲವರಿಗೆ ಕಣ್ಣುಗುಡ್ಡೆ ಮುಂದೆ ಬಂದಂತೆ ಕಾಣುವುದು.

ಗ್ರಂಥಿ ದಪ್ಪವಾಗಿ ಕುತ್ತಿಗೆ ಊದಿಕೊಂಡರೆ ಅದು ಗಳಗಂಡ. ಗಳಗಂಡ ಇದ್ದರೂ ರಸ ಸರಿಯಾಗಿಯೇ ಇರಬಹುದು. ಗಳಗಂಡ ಇಲ್ಲದೆಯೂ ರಸ ಕಡಿಮೆಯಾಗಿರಬಹುದು. ಆದ್ದರಿಂದ ಕಣ್ಣಿಗೆ ಕಂಡದ್ದರ ಮೇಲೆ ತೀರ್ಮಾನ ಬೇಡ. ರಕ್ತ ಪರೀಕ್ಷೆಯೇ ಬೇಕು.

ಈ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ಬೆಂಗಳೂರೂ ಸೇರಿ ದೇಶದ ಎಂಟು ದೊಡ್ಡ ನಗರಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಯಸ್ಕರಲ್ಲಿ ಸುಮಾರು ಹತ್ತು ಜನಕ್ಕೆ ಒಬ್ಬರಿಗೆ ಹೈಪೋಥೈರಾಯ್ಡ್ ಕಂಡಿತ್ತು. ಅಂದರೆ ಇಪ್ಪತ್ತು ಜನರ ನಮ್ಮ ಸಂಘದಲ್ಲಿ ಒಂದಿಬ್ಬರಿಗಾದರೂ ಇದ್ದರೆ ಆಶ್ಚರ್ಯವಿಲ್ಲ. ನಾಚಿಕೆಪಡುವ ಕಾಯಿಲೆಯೂ ಅಲ್ಲ, ಅಂಟುವ ಕಾಯಿಲೆಯೂ ಅಲ್ಲ.

ಉಪ್ಪಿಗೂ ಕುತ್ತಿಗೆಗೂ ಏನು ಸಂಬಂಧ?

ಥೈರಾಕ್ಸಿನ್ ತಯಾರಾಗಲು ಅಯೋಡಿನ್ ಬೇಕೇ ಬೇಕು. ಎಷ್ಟು? ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಬಸುರಿ ಮತ್ತು ಬಾಣಂತಿಗೆ 250 ಮೈಕ್ರೋಗ್ರಾಂ. ಒಂದು ಗ್ರಾಮನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಒಂದು ಮೈಕ್ರೋಗ್ರಾಂ. ಇಡೀ ಜೀವಮಾನಕ್ಕೆ ಸೇರಿಸಿದರೂ ಒಂದು ಚಮಚದಷ್ಟೇ ಆಗುತ್ತದೆ. ಆದರೆ ಆ ಚಮಚವನ್ನು ಒಂದೇ ದಿನ ತಿಂದು ಕೂಡಿಡಲು ಬರುವುದಿಲ್ಲ. ನಮ್ಮ ಉಳಿತಾಯದ ಹಾಗೆ ದಿನದಿನವೂ ಸ್ವಲ್ಪ ಸ್ವಲ್ಪ ಬರುತ್ತಿರಬೇಕು.

ಅಯೋಡಿನ್ ಹೆಚ್ಚಾಗಿ ಇರುವುದು ಸಮುದ್ರದಲ್ಲಿ ಮತ್ತು ಸಮುದ್ರದ ಮೀನಿನಲ್ಲಿ. ಒಳನಾಡಿನ ಬೆಳೆಯಲ್ಲಿ ಎಷ್ಟಿರುತ್ತದೆ ಎಂಬುದು ಅಲ್ಲಿನ ಮಣ್ಣಿನ ಮೇಲೆ ಹೋಗುತ್ತದೆ. ಜೋರು ಮಳೆ ಬೀಳುವ ಬೆಟ್ಟದ ಸೀಮೆಯಲ್ಲಿ ಮಣ್ಣಿನ ಅಯೋಡಿನ್ ಕೊಚ್ಚಿ ಹೋಗಿರುತ್ತದೆ. ನಮ್ಮ ರಾಜ್ಯದಲ್ಲಿ ಗಳಗಂಡ ಹೆಚ್ಚು ಎಂದು ಹಿಂದಿನಿಂದ ಗುರುತಿಸಿದ ಜಿಲ್ಲೆಗಳಲ್ಲಿ ಕೊಡಗು ಮತ್ತು ಚಿಕ್ಕಮಗಳೂರು ಇವೆ. ಚಿಕ್ಕಮಗಳೂರು ನಮಗೆ ದೂರವೇನಲ್ಲ, ಹೊಸದುರ್ಗ ತಾಲ್ಲೂಕಿನ ಪಕ್ಕದ ಜಿಲ್ಲೆ.

ಉಪ್ಪಿನಲ್ಲಿ ಅಯೋಡಿನ್ ಬೆರೆಸುವ ಉಪಾಯ ನಮ್ಮ ದೇಶದಲ್ಲೇ ಪರೀಕ್ಷೆಯಾಗಿದೆ. ಈಗ ಹಿಮಾಚಲ ಪ್ರದೇಶದಲ್ಲಿರುವ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು 1956ರಲ್ಲಿ ಈ ಕೆಲಸ ಶುರು ಮಾಡಿದರು. ಕೆಲವು ಊರುಗಳಿಗೆ ಅಯೋಡಿನ್ ಬೆರೆಸಿದ ಉಪ್ಪು, ಇನ್ನು ಕೆಲವಕ್ಕೆ ಸಾದಾ ಉಪ್ಪು. ಐದಾರು ವರ್ಷಗಳಲ್ಲಿ ಅಯೋಡಿನ್ ಉಪ್ಪು ತಿಂದ ಊರುಗಳ ಮಕ್ಕಳಲ್ಲಿ ಗಳಗಂಡ ಬಹಳ ಇಳಿಯಿತು. ಸಾದಾ ಉಪ್ಪಿನ ಊರುಗಳಲ್ಲಿ ಹಾಗೆಯೇ ಉಳಿಯಿತು. ಇದರ ಆಧಾರದ ಮೇಲೆ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರಬಾರದು ಎಂಬ ನಿಷೇಧವನ್ನು 2000ದಲ್ಲಿ ತೆಗೆದು, 2006ರ ಮೇ ತಿಂಗಳಿನಿಂದ ಮತ್ತೆ ಜಾರಿಗೆ ತಂದರು. ಈಗಲೂ ಅದೇ ನಿಯಮ ಇದೆ.

ಆದರೂ 2018-19ರಲ್ಲಿ ದೇಶದಾದ್ಯಂತ ನಡೆದ ಸಮೀಕ್ಷೆಯಲ್ಲಿ ಸಾಕಷ್ಟು ಅಯೋಡಿನ್ ಇರುವ ಉಪ್ಪು ಸಿಕ್ಕಿದ್ದು ನೂರಕ್ಕೆ ಸುಮಾರು 76 ಮನೆಗಳಲ್ಲಿ ಮಾತ್ರ. ಉಳಿದ ಮನೆಗಳಲ್ಲಿ ಒಂದೋ ಅಯೋಡಿನ್ ಕಡಿಮೆ, ಇಲ್ಲವೋ ಏನೂ ಇಲ್ಲ. ನಮ್ಮ ಮನೆ ಯಾವ ಗುಂಪಿನಲ್ಲಿದೆ ಅಂತ ಇವತ್ತೇ ನೋಡಿಕೊಳ್ಳಬಹುದು.

ಉಪ್ಪಿನ ವಿಷಯದಲ್ಲಿ ಗಮನಿಸಬೇಕಾದ್ದು

1. ಪೊಟ್ಟಣದ ಮೇಲೆ "ಅಯೋಡಿನ್‌ಯುಕ್ತ ಉಪ್ಪು" ಎಂದು ಬರೆದಿದೆಯೇ ನೋಡಿ. ಅನೇಕ ಪೊಟ್ಟಣಗಳ ಮೇಲೆ ನಗುವ ಸೂರ್ಯನ ಗುರುತೂ ಇರುತ್ತದೆ. ತಯಾರಾದ ತಿಂಗಳನ್ನೂ ನೋಡಿ. ಹಳೆಯದಾದಷ್ಟೂ ಅಯೋಡಿನ್ ಕಡಿಮೆಯಾಗುತ್ತದೆ.

2. ಪುಡಿ ಉಪ್ಪೇ ಆಗಬೇಕೆಂದಿಲ್ಲ. ಅಯೋಡಿನ್ ಬೆರೆಸಿದ ಕಲ್ಲುಪ್ಪೂ ಸಿಗುತ್ತದೆ. ಆದರೆ ಮೂಟೆ ಬಿಚ್ಚಿ ಸೇರಿನಲ್ಲಿ ಅಳೆದು ಮಾರುವ ಕಲ್ಲುಪ್ಪಿನಲ್ಲಿ ಅಯೋಡಿನ್ ಇರುವ ಖಾತ್ರಿಯಿಲ್ಲ. ತೆಂಗಿನ ಬುಡಕ್ಕೆ, ದನ-ಕುರಿಗಳಿಗೆ ಅಂತ ತಂದ ಉಪ್ಪು ಅಡಿಗೆಮನೆಯ ಮಡಕೆಗೆ ಬರಬಾರದು. ಎರಡನ್ನೂ ಬೇರೆ ಬೇರೆ ಕಡೆ ಇಡಿ.

3. ಕಲ್ಲುಪ್ಪನ್ನು ತೊಳೆದು ಬಳಸುವ ರೂಢಿ ಕೆಲವರಲ್ಲಿದೆ. ಅಯೋಡಿನ್ ಹರಳಿನ ಮೇಲ್ಭಾಗದಲ್ಲೇ ಇರುವುದರಿಂದ ತೊಳೆದರೆ ನೀರಿನ ಜೊತೆ ಅದೂ ಹೋಗುತ್ತದೆ.

4. ಉಪ್ಪನ್ನು ಮುಚ್ಚಳ ಇರುವ ಡಬ್ಬಿಯಲ್ಲಿ, ಒಲೆಯಿಂದ ದೂರ, ಬಿಸಿಲು ಮತ್ತು ತೇವ ತಾಗದ ಹಾಗೆ ಇಡಿ. ಒದ್ದೆ ಚಮಚ ಹಾಕಬೇಡಿ. ಸಾರಿಗೆ ಉಪ್ಪನ್ನು ಕೊನೆಗೆ ಹಾಕಿದರೆ ಅಯೋಡಿನ್ ಹೆಚ್ಚು ಉಳಿಯುತ್ತದೆ.

5. ಸೈಂಧವ ಲವಣ, ಗುಲಾಬಿ ಉಪ್ಪು ದುಬಾರಿ ಎಂದ ಮಾತ್ರಕ್ಕೆ ಒಳ್ಳೆಯದಲ್ಲ. ಅಯೋಡಿನ್ ಬೆರೆಸಿದೆ ಎಂದು ಬರೆದಿರದಿದ್ದರೆ ಅದರಿಂದ ಥೈರಾಯ್ಡಿಗೆ ಉಪಯೋಗವಿಲ್ಲ.

6. ಉಪ್ಪಿನಕಾಯಿಗೆ ಅಯೋಡಿನ್ ಉಪ್ಪು ಹಾಕಿದರೆ ಕೆಡುತ್ತದೆ ಎಂಬ ಮಾತಿದೆ. ಅಷ್ಟು ಸಣ್ಣ ಪ್ರಮಾಣದ ಅಯೋಡಿನ್‌ನಿಂದ ರುಚಿಯಾಗಲಿ ಬಣ್ಣವಾಗಲಿ ಕೆಡುವುದಿಲ್ಲ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಮಾಡಿ ಮಾರುವ ಸಂಘಗಳು ಅಯೋಡಿನ್ ಉಪ್ಪನ್ನೇ ಬಳಸಿ. ನಮ್ಮ ಪೊಟ್ಟಣದಿಂದ ಬೇರೆಯವರ ಮನೆಗೂ ಒಳ್ಳೆಯದಾಗಲಿ.

ಹಾಗಂತ ಉಪ್ಪು ಜಾಸ್ತಿ ತಿನ್ನಬೇಕೆಂದು ಅರ್ಥವಲ್ಲ. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಸಾಕು. ಲೆಕ್ಕ ಹಾಕಿ: ಐದು ಜನರ ಮನೆಗೆ ದಿನಕ್ಕೆ 25 ಗ್ರಾಂ, ತಿಂಗಳಿಗೆ 750 ಗ್ರಾಂ. ನಿಮ್ಮ ಮನೆಯಲ್ಲಿ ತಿಂಗಳಿಗೆ ಒಂದೂವರೆ ಕಿಲೋ ಖಾಲಿಯಾಗುತ್ತಿದ್ದರೆ ಬಿ.ಪಿ.ಯನ್ನು ಕೈಬೀಸಿ ಕರೆದ ಹಾಗೆ. ತಯಾರಾಗುವ ಕಡೆ ಉಪ್ಪಿನಲ್ಲಿ ಗ್ರಾಮಿಗೆ 30 ಮೈಕ್ರೋಗ್ರಾಂ, ಮನೆಗೆ ತಲುಪುವಾಗ ಕನಿಷ್ಠ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕೆಂಬುದು ಈ ಉಪ್ಪಿಗೆ ಇಟ್ಟ ಅಳತೆ. ಉಪ್ಪು ಹೊಸದಾಗಿದ್ದರೆ 5 ಗ್ರಾಮಿನಲ್ಲೇ ದಿನದ 150 ಸಿಕ್ಕಿತು. ಹಳೆಯದಾಗಿದ್ದರೆ ಅರ್ಧವೇ. ಉಳಿದದ್ದು ಹಾಲು, ಮೊಸರು, ಮೊಟ್ಟೆ, ಸಿಕ್ಕಾಗ ಸಮುದ್ರದ ಮೀನಿನಿಂದ ಬರಬೇಕು. ಉಪ್ಪು ಕಡಿಮೆ, ಆದರೆ ಸರಿಯಾದ ಉಪ್ಪು – ಇದನ್ನು ನೆನಪಿಡಿ.

ನಮ್ಮ ಊಟದಲ್ಲಿ ಏನಿರಬೇಕು?

ಅಯೋಡಿನ್ ಒಂದೇ ಸಾಲದು. ಥೈರಾಯ್ಡ್ ರಸ ತಯಾರಾಗಲು ಕಬ್ಬಿಣಾಂಶವೂ ಬೇಕು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆ ಇದ್ದರೆ ಅಯೋಡಿನ್ ಇದ್ದೂ ಗ್ರಂಥಿ ಅದನ್ನು ಸರಿಯಾಗಿ ಬಳಸಿಕೊಳ್ಳಲಾರದು. ಇನ್ನೊಂದು ಕಡೆ ಥೈರಾಯ್ಡ್ ಕಡಿಮೆಯಾದರೆ ಮುಟ್ಟು ಜಾಸ್ತಿ ಹೋಗಿ ರಕ್ತ ಇನ್ನೂ ಇಳಿಯುತ್ತದೆ. ಒಂದು ಮತ್ತೊಂದನ್ನು ಎಳೆಯುತ್ತದೆ.

ಇದಕ್ಕೆ ಪೇಟೆಯಿಂದ ಏನೂ ತರಬೇಕಿಲ್ಲ. ನುಗ್ಗೆಸೊಪ್ಪು, ದಂಟು, ಬೆರಕೆ ಸೊಪ್ಪಿನ ಸಾರು, ಹುರುಳಿಕಾಳಿನ ಬಸ್ಸಾರು, ಅಲಸಂದೆ, ಕಡಲೆಕಾಳು, ತಿನ್ನುವವರಿಗೆ ಮೊಟ್ಟೆ, ಮಾಂಸ, ಮೀನು. ಜೊತೆಗೆ ಒಂದು ಹೋಳು ನಿಂಬೆಹಣ್ಣು, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇದ್ದರೆ ಸೊಪ್ಪು-ಕಾಳಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಹಿಡಿ ಶೇಂಗಾ, ಕಾಳು, ಮೊಟ್ಟೆಯಿಂದ ಥೈರಾಯ್ಡಿಗೆ ಬೇಕಾದ ಸತು ಮತ್ತು ಇತರ ಖನಿಜಗಳೂ ಸಿಗುತ್ತವೆ.

ಮನೆಮಂದಿಗೆಲ್ಲ ಬಡಿಸಿ, ಉಳಿದ ತಿಳಿಸಾರಿನಲ್ಲಿ ಮುದ್ದೆ ಮುಗಿಸುವುದು ನಮ್ಮ ಹೆಂಗಸರ ಅಭ್ಯಾಸ. ಕಾಳು, ಸೊಪ್ಪು, ಮೊಟ್ಟೆ ಗಂಡಸರ ತಟ್ಟೆಗೆ, ನೀರು ನಮ್ಮ ತಟ್ಟೆಗೆ ಎಂಬುದು ನಿಲ್ಲಬೇಕು. ಮುಟ್ಟು ಹೋಗುವ, ಹೊರುವ, ಹೆರುವ ನಮಗೇ ಕಬ್ಬಿಣ ಹೆಚ್ಚು ಬೇಕು.

ರಾಗಿ, ಕೋಸು, ಸಜ್ಜೆ ಬಿಡಬೇಕಾ?

ರಾಗಿ ಬಿಡಬೇಕಿಲ್ಲ. ಹೊಸದುರ್ಗದ ಸಾವೆ, ನವಣೆಯನ್ನೂ ಬಿಡಬೇಕಿಲ್ಲ. ಇವುಗಳಲ್ಲಿರುವ ನಾರು ಥೈರಾಯ್ಡ್ ಕಡಿಮೆಯಾದವರಿಗೆ ಕಾಡುವ ಮಲಬದ್ಧತೆಗೆ ಒಳ್ಳೆಯದು.

ಸಜ್ಜೆಯ ಮಾತು ಸ್ವಲ್ಪ ಬೇರೆ. ಅದರಲ್ಲಿರುವ ಕೆಲವು ಅಂಶಗಳು ಥೈರಾಯ್ಡಿನ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಆಫ್ರಿಕಾದ ಸೂಡಾನ್ ದೇಶದಲ್ಲಿ, ಅಯೋಡಿನ್ ಕೊರತೆ ಇದ್ದು ಮೂರು ಹೊತ್ತೂ ಸಜ್ಜೆಯನ್ನೇ ಉಣ್ಣುವ ಕಡೆ ಗಳಗಂಡ ಹೆಚ್ಚು ಕಂಡಿದೆ. ನಾವು ವಾರಕ್ಕೆ ಒಂದೆರಡು ಸಲ ಸಜ್ಜೆ ರೊಟ್ಟಿ ತಟ್ಟಿದರೆ, ಅಯೋಡಿನ್ ಉಪ್ಪು ಬಳಸುತ್ತಿದ್ದರೆ, ಹೆದರಬೇಕಿಲ್ಲ. ಒಂದು ದಿನ ರಾಗಿ, ಒಂದು ದಿನ ಜೋಳ, ಒಂದು ದಿನ ನವಣೆ ಎಂದು ಬದಲಿಸುತ್ತಿದ್ದರೆ ಸಾಕು.

ಕೋಸು, ಹೂಕೋಸು, ಮೂಲಂಗಿ, ಮರಗೆಣಸಿನಲ್ಲೂ ಇಂಥ ಅಂಶ ಸ್ವಲ್ಪ ಇದೆ. ಚೆನ್ನಾಗಿ ಬೇಯಿಸಿದರೆ ಬಹಳಷ್ಟು ಹೋಗುತ್ತದೆ. ದಿನವೂ ಹಸಿ ಕೋಸು ಬಟ್ಟಲುಗಟ್ಟಲೆ ತಿನ್ನುವವರು ನಮ್ಮಲ್ಲಿ ಯಾರೂ ಇಲ್ಲ. ಪಲ್ಯ ಮಾಡಿ ಉಣ್ಣಿ, ಚಿಂತೆ ಬೇಡ.

ಅಯೋಡಿನ್ ಒಳ್ಳೆಯದು ಅಂತ ಅಯೋಡಿನ್ ಗುಳಿಗೆ, ಸಮುದ್ರ ಪಾಚಿಯ ಮಾತ್ರೆ ನುಂಗುವುದೂ ತಪ್ಪು. ಅತಿಯಾದ ಅಯೋಡಿನ್ ಕೂಡ ಗ್ರಂಥಿಯನ್ನು ಕೆಡಿಸುತ್ತದೆ.

ನಮ್ಮ ಕಡೆಯ ನೀರು

ನಮ್ಮ ಜಿಲ್ಲೆಯ ಅನೇಕ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ ಎಂಬುದು ಹೊಸ ವಿಷಯವಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ದೊಡ್ಡವರಿಗೆ ಕೀಲು-ಬೆನ್ನು ಬಿಗಿಯುವುದು ಇದರ ಗುರುತು. ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೂ 1.5 ಮೀರಬಾರದು. ಫ್ಲೋರೈಡ್ ಜಾಸ್ತಿಯಾದರೆ, ಅದರಲ್ಲೂ ಅಯೋಡಿನ್ ಕಡಿಮೆ ಇದ್ದರೆ, ಥೈರಾಯ್ಡಿಗೂ ತೊಂದರೆ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ತಜ್ಞರಲ್ಲಿ ಈ ಚರ್ಚೆ ಇನ್ನೂ ಮುಗಿದಿಲ್ಲ. ಮುಗಿಯುವ ತನಕ ನಾವು ಕಾಯಬೇಕಿಲ್ಲ. ಮೂಳೆ-ಹಲ್ಲಿನ ಸಲುವಾಗಿಯಾದರೂ ಕುಡಿಯಲು, ಅಡಿಗೆಗೆ ಶುದ್ಧ ನೀರಿನ ಘಟಕದ ನೀರು ಅಥವಾ ಶೇಖರಿಸಿದ ಮಳೆನೀರು ಬಳಸುವುದು ಕ್ಷೇಮ. ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ.

ಉಪ್ಪು ಸರಿಯಿದ್ದೂ ಥೈರಾಯ್ಡ್ ಯಾಕೆ ಬರುತ್ತದೆ?

"ನಾನು ಮೊದಲಿಂದ್ಲೂ ಪೊಟ್ಟಣದ ಉಪ್ಪೇ ತಿಂತೀನಿ, ಆದ್ರೂ ನಂಗೆ ಯಾಕೆ ಬಂತು?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಯೋಡಿನ್ ಸಾಕಷ್ಟು ಸಿಗುವ ಕಡೆ ದೊಡ್ಡವರಿಗೆ ಹೈಪೋಥೈರಾಯ್ಡ್ ಬರುವುದಕ್ಕೆ ಮುಖ್ಯ ಕಾರಣ ಬೇರೆ. ದೇಹವನ್ನು ಕಾಯಬೇಕಾದ ರಕ್ಷಣಾ ಶಕ್ತಿಯೇ ತಪ್ಪಾಗಿ ತಿಳಿದು ಥೈರಾಯ್ಡ್ ಗ್ರಂಥಿಯನ್ನು ನಿಧಾನವಾಗಿ ನಾಶ ಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಇದನ್ನು ಮೊದಲು 1912ರಲ್ಲಿ ವಿವರಿಸಿದವರು ಜಪಾನಿನ ಹಶಿಮೊಟೊ ಎಂಬ ವೈದ್ಯರು. ಅವರ ಹೆಸರಿನಿಂದಲೇ ಕರೆಯುತ್ತಾರೆ. ತಾಯಿಗೆ, ಅಕ್ಕ-ತಂಗಿಯರಿಗೆ ಇದ್ದರೆ ನಮಗೂ ಬರುವ ಸಾಧ್ಯತೆ ಹೆಚ್ಚು.

ಇದು ನೀವು ಮಾಡಿದ ತಪ್ಪಲ್ಲ, ಊಟದ ತಪ್ಪೂ ಅಲ್ಲ. ಆದ್ದರಿಂದಲೇ ಊಟ ಬದಲಿಸಿದ ಮಾತ್ರಕ್ಕೆ ಹೋಗುವುದೂ ಇಲ್ಲ. ಗ್ರಂಥಿ ತಯಾರಿಸಲಾರದ ರಸವನ್ನು ಮಾತ್ರೆಯಾಗಿ ಹೊರಗಿನಿಂದ ಕೊಡಬೇಕು. ಈ ಥೈರಾಕ್ಸಿನ್ ಮಾತ್ರೆ ಪರಕೀಯ ವಸ್ತುವಲ್ಲ, ನಮ್ಮ ಗ್ರಂಥಿ ಮಾಡುತ್ತಿದ್ದ ರಸವೇ. ಅಗ್ಗದ ಮಾತ್ರೆ, ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲೂ ಇದೆ.

ಟಿ.ಎಸ್.ಎಚ್. ಎಂದರೆ?

ರಿಪೋರ್ಟಿನಲ್ಲಿ ಟಿ.ಎಸ್.ಎಚ್. ಎಂದು ಬರೆದಿರುತ್ತದೆ. ಇದು ಥೈರಾಯ್ಡ್ ರಸ ಅಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ತಾಕೀತು. ಸಂಘದಲ್ಲಿ ಒಬ್ಬರು ಉಳಿತಾಯ ಕಟ್ಟದಿದ್ದರೆ ಪ್ರತಿನಿಧಿ ಮತ್ತೆ ಮತ್ತೆ ಹೇಳಿಕಳಿಸುತ್ತಾರಲ್ಲ, ಹಾಗೆ. ಥೈರಾಯ್ಡ್ ಕೆಲಸ ಕಡಿಮೆಯಾದಷ್ಟೂ ತಾಕೀತು ಜಾಸ್ತಿಯಾಗುತ್ತದೆ. ಆದ್ದರಿಂದ ಟಿ.ಎಸ್.ಎಚ್. ಜಾಸ್ತಿ ಬಂದರೆ ಥೈರಾಯ್ಡ್ ಕಡಿಮೆ ಎಂದರ್ಥ. ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸು ಸರಿಯಾದ ಮಟ್ಟ. ಬಸುರಿಯರಿಗೆ ಲೆಕ್ಕ ಬೇರೆ. ಸ್ವಲ್ಪ ಏರಿದ್ದರೆ ಕೆಲವು ಸಲ ಮಾತ್ರೆ ಕೊಡದೆ, ಎರಡು-ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸುತ್ತಾರೆ. ಕೂದಲು ಉದುರುವುದಕ್ಕೆ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಪರೀಕ್ಷೆಯ ಅಂಕಿ ತಪ್ಪಾಗಿ ಬರಬಹುದು. ಮೊದಲೇ ವೈದ್ಯರಿಗೆ ಹೇಳಿ.

ಮಾತ್ರೆ ತಿನ್ನುವ ಕ್ರಮ

ಮಾತ್ರೆ ತಿಂದೂ ಗುಣ ಕಾಣದಿದ್ದರೆ ಬಹಳ ಸಲ ತಪ್ಪು ಮಾತ್ರೆಯದಲ್ಲ, ತಿನ್ನುವ ಹೊತ್ತಿನದು.

- ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ. ಕಾಫಿ, ಟೀ ಜೊತೆ ಬೇಡ.
- ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ತಿನ್ನಬೇಡಿ. ರಾಗಿ ಗಂಜಿಯನ್ನೂ ಒಂದು ಗಂಟೆ ಬಿಟ್ಟೇ ಕುಡಿಯಿರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. ಅದು ಮಾತ್ರೆಯನ್ನು ಹಿಡಿದುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ.
- ಕಬ್ಬಿಣಾಂಶದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ ಇರಲಿ. ಬಸುರಿಯರಿಗೆ ಈ ಮೂರನ್ನೂ ಕೊಡುತ್ತಾರೆ. ಎಲ್ಲವನ್ನೂ ಒಂದೇ ಸಲ ನುಂಗಿದರೆ ಒಂದೂ ಸರಿಯಾಗಿ ಹತ್ತುವುದಿಲ್ಲ. ಹೀಗೆ ಮಾಡಬಹುದು: ಬೆಳಿಗ್ಗೆ 5.30ಕ್ಕೆ ಥೈರಾಯ್ಡ್ ಮಾತ್ರೆ, 10 ಗಂಟೆಯ ತಿಂಡಿಯ ನಂತರ ಕ್ಯಾಲ್ಸಿಯಂ, ಮಧ್ಯಾಹ್ನ 2ರ ಊಟದ ಮೇಲೆ ನಿಂಬೆ ಪಾನಕದ ಜೊತೆ ಕಬ್ಬಿಣದ ಮಾತ್ರೆ, ರಾತ್ರಿ ಊಟದ ಮೇಲೆ ಇನ್ನೊಂದು ಕ್ಯಾಲ್ಸಿಯಂ.
- ಒಂದು ದಿನ ಬೆಳಿಗ್ಗೆ ಮರೆತರೆ ಅದೇ ದಿನ ನೆನಪಾದಾಗ ತಗೊಳ್ಳಿ.
- ಮಾತ್ರೆ ಶುರುವಾದ ಮೇಲೆ ಅಥವಾ ಪ್ರಮಾಣ ಬದಲಾದ ಮೇಲೆ ಆರರಿಂದ ಎಂಟು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ. ಸರಿಹೋದ ಮೇಲೆ ವರ್ಷಕ್ಕೆ ಒಂದೆರಡು ಸಲ ಸಾಕು.
- ಡಬ್ಬಿಯನ್ನು ಬಿಸಿಲು, ಒಲೆ, ತೇವದಿಂದ ದೂರ ಇಡಿ.

ಇನ್ನು ಬಹಳ ಮುಖ್ಯವಾದ ಮಾತು. "ಮಾತ್ರೆ ಬಿಟ್ಟು ಹದಿನೈದು ದಿನ ಆಯ್ತು, ಏನೂ ಆಗ್ಲಿಲ್ಲ, ನಂಗೆ ವಾಸಿಯಾಗೈತೆ" ಎನ್ನುವವರಿದ್ದಾರೆ. ಈ ರಸ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಒಂದು ವಾರ ಬೇಕು. ತೊಟ್ಟಿಗೆ ನೀರು ಬರುವುದು ನಿಂತರೂ ನಲ್ಲಿಯಲ್ಲಿ ಸ್ವಲ್ಪ ದಿನ ನೀರು ಬಂದ ಹಾಗೆ. ಬರಿದಾಗುವುದು ಆಮೇಲೆ. ತಿಂಗಳೊಪ್ಪತ್ತಿನಲ್ಲಿ ಸುಸ್ತು ಮತ್ತೆ ಶುರುವಾದಾಗ ಮಾತ್ರೆ ಬಿಟ್ಟದ್ದು ನೆನಪೇ ಇರುವುದಿಲ್ಲ. ರಿಪೋರ್ಟ್ ಸರಿ ಬಂದದ್ದು ಮಾತ್ರೆಯಿಂದ. ಆದ್ದರಿಂದ ವೈದ್ಯರು ಹೇಳದೆ ಬಿಡಬೇಡಿ. ಹಾಗೆಯೇ ತೂಕ ಇಳಿಯಲೆಂದು ಒಂದಕ್ಕೆ ಎರಡು ನುಂಗಬೇಡಿ. ಹೃದಯಕ್ಕೂ ಮೂಳೆಗೂ ಅಪಾಯ.

ಬಸುರಿ ಮತ್ತು ಹಸುಗೂಸು

ಗರ್ಭದ ಮೊದಲ ಮೂರು ತಿಂಗಳು ಮಗುವಿಗೆ ತನ್ನದೇ ಥೈರಾಯ್ಡ್ ರಸ ಇರುವುದಿಲ್ಲ. ತಾಯಿಯದನ್ನೇ ಪಡೆದು ಅದರ ಮೆದುಳು ಬೆಳೆಯುತ್ತದೆ. ತಾಯಿಯಲ್ಲಿ ತೀರಾ ಕಡಿಮೆಯಾದರೆ ಗರ್ಭ ಇಳಿಯಬಹುದು, ತಿಂಗಳು ತುಂಬುವ ಮೊದಲೇ ಹೆರಿಗೆಯಾಗಬಹುದು, ಮಗುವಿನ ಬುದ್ಧಿ ಬೆಳವಣಿಗೆಗೆ ಪೆಟ್ಟು ಬೀಳಬಹುದು. ಮಾತ್ರೆ ತಿನ್ನುತ್ತಿದ್ದವರು ಮುಟ್ಟು ನಿಂತ ಕೂಡಲೇ ವೈದ್ಯರನ್ನು ಕಾಣಬೇಕು, ಮಾತ್ರೆಯ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. "ಬಸುರಿ ಮಾತ್ರೆ ತಿಂದ್ರೆ ಮಗೀಗೆ ಉಷ್ಣ" ಎಂದು ಅತ್ತೆಯೋ ನೆರೆಯವರೋ ಹೇಳಿದರೂ ನಿಲ್ಲಿಸಬಾರದು. ಮಗುವಿಗೆ ಅಪಾಯ ಇರುವುದು ಮಾತ್ರೆ ಬಿಡುವುದರಲ್ಲಿ. ಎದೆಹಾಲು ಕೊಡುವಾಗಲೂ ತಿನ್ನಬಹುದು.

ಸುಮಾರು ಸಾವಿರ ಮಕ್ಕಳಿಗೆ ಒಂದು ಮಗು ಹುಟ್ಟುವಾಗಲೇ ಥೈರಾಯ್ಡ್ ಕೊರತೆಯಿಂದ ಹುಟ್ಟುತ್ತದೆ. ನೋಡಲು ಮಗು ಚೆನ್ನಾಗಿಯೇ ಕಾಣುತ್ತದೆ. ಹುಟ್ಟಿದ ಎರಡು ಮೂರು ದಿನಕ್ಕೆ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸಿದರೆ ಗೊತ್ತಾಗುತ್ತದೆ. ಎರಡು ವಾರದೊಳಗೆ ಮಾತ್ರೆ ಶುರುವಾದರೆ ಮಗು ಎಲ್ಲರಂತೆ ಬೆಳೆದು ಓದುತ್ತದೆ. ತಡವಾದರೆ ಬುದ್ಧಿಮಾಂದ್ಯ, ಕುಳ್ಳತನ. ಹೋದದ್ದು ತಿರುಗಿ ಬರುವುದಿಲ್ಲ. ಹೆರಿಗೆಗೆ ಹೋದ ಕಡೆ "ಮಗೀಗೆ ಥೈರಾಯ್ಡ್ ಪರೀಕ್ಷೆ ಮಾಡ್ತೀರಾ?" ಎಂದು ಧೈರ್ಯವಾಗಿ ಕೇಳಿ. ಕಾಮಾಲೆ ಎರಡು ವಾರವಾದರೂ ಹೋಗದಿದ್ದರೆ, ಮಗು ಅಳದೆ, ಹಾಲು ಕುಡಿಯದೆ ಬರೀ ಮಲಗುತ್ತಿದ್ದರೆ, ನಾಲಿಗೆ ದಪ್ಪ, ಹೊಕ್ಕುಳು ಉಬ್ಬಿದ್ದರೆ, "ಸಾಧು ಮಗು" ಎಂದು ಸಂತೋಷಪಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ದಿನನಿತ್ಯದ ಅಭ್ಯಾಸ

ದಿನಕ್ಕೆ ಅರ್ಧ ಗಂಟೆ ಬಿರುಸು ನಡಿಗೆ, ಏಳು ಗಂಟೆ ನಿದ್ದೆ ಇರಲಿ. ಎಲೆ-ಅಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಬಿಡಿ. ಮನೆಯೊಳಗೆ ಬೀಡಿ ಸೇದಲು ಬಿಡಬೇಡಿ. ಥೈರಾಯ್ಡ್ ಹೆಚ್ಚಾದವರ ಕಣ್ಣಿನ ತೊಂದರೆ ಬೀಡಿ ಹೊಗೆಯಿಂದ ಇನ್ನೂ ಬಿಗಡಾಯಿಸುತ್ತದೆ. ತೂಕ ಏರಿದ್ದೆಲ್ಲ ಥೈರಾಯ್ಡಿನಿಂದಲೇ ಎಂದು ತಿಳಿಯಬೇಡಿ. ಇದರಿಂದ ಏರುವುದು ಕೆಲವೇ ಕಿಲೋ. ಮಾತ್ರೆಯ ಜೊತೆ ನಡಿಗೆಯೂ ಬೇಕು, ಸಕ್ಕರೆ-ಎಣ್ಣೆಯೂ ಇಳಿಯಬೇಕು.

ನಮ್ಮ ಸಂಘ ಏನು ಮಾಡಬಹುದು?

1. ಮುಂದಿನ ಸಭೆಗೆ ಪ್ರತಿಯೊಬ್ಬರೂ ಮನೆಯ ಉಪ್ಪಿನ ಪೊಟ್ಟಣ ಅಥವಾ ಒಂದು ಚಮಚ ಉಪ್ಪು ತನ್ನಿ. ಆಶಾ ಕಾರ್ಯಕರ್ತೆಯರ ಬಳಿ ಉಪ್ಪು ಪರೀಕ್ಷೆಯ ಕಿಟ್ ಸಿಗುತ್ತದೆಯೇ ಕೇಳಿ. ಅಯೋಡಿನ್ ಇದ್ದರೆ ಒಂದು ಹನಿ ದ್ರಾವಣಕ್ಕೆ ಉಪ್ಪು ನೀಲಿಯಾಗುತ್ತದೆ, ಇಲ್ಲದಿದ್ದರೆ ಬೆಳ್ಳಗೇ ಇರುತ್ತದೆ.

2. ಬಿಡಿ ಉಪ್ಪು ಮಾರುವ ಅಂಗಡಿಯವರೊಂದಿಗೆ ಜಗಳ ಬೇಡ. ಸಂಘದವರೆಲ್ಲ ಸೇರಿ ಅಯೋಡಿನ್ ಉಪ್ಪನ್ನೇ ಕೇಳಿದರೆ ಅವರು ತಾವಾಗಿಯೇ ತರಿಸುತ್ತಾರೆ.

3. ಗುರುತುಗಳಲ್ಲಿ ಮೂರು-ನಾಲ್ಕು ಯಾರಿಗಾದರೂ ಇದ್ದರೆ, ಗರ್ಭ ನಿಲ್ಲದಿದ್ದರೆ, ಕುತ್ತಿಗೆಯಲ್ಲಿ ಗಂಟು ಕಂಡರೆ ಜೊತೆಗೊಬ್ಬರು ಹೋಗಿ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ರಕ್ತ ಪರೀಕ್ಷೆ ಎಲ್ಲಿ ಆಗುತ್ತದೆ ಎಂದು ಅಲ್ಲೇ ಕೇಳಿ, ತಾಲ್ಲೂಕು ಆಸ್ಪತ್ರೆ ಅಥವಾ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋಗಿ.

4. ಮಾತ್ರೆಯನ್ನು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಕಡಿಮೆ ಬೆಲೆಗೆ ಸಿಗುತ್ತದೆ. ಒಂದೇ ಕಂಪನಿಯ ಮಾತ್ರೆಯನ್ನೇ ಮುಂದುವರಿಸುವುದು ಒಳ್ಳೆಯದು.

5. "ಥೈರಾಯ್ಡ್ ಬುಡಸಮೇತ ಹೋಗುತ್ತೆ" ಎಂದು ಪುಡಿ, ಪಾನಕ, ಸರ ಮಾರಲು ಬರುವವರಿಗಾಗಿ ಸಂಘದಿಂದ ಸಾಲ ತೆಗೆಯಬೇಡಿ. ಸಾವಿರಾರು ರೂಪಾಯಿ ಹೋಗುವುದರ ಜೊತೆಗೆ, ಅವರ ಮಾತು ಕೇಳಿ ಮಾತ್ರೆ ಬಿಟ್ಟರೆ ಆರೋಗ್ಯವೂ ಹೋಗುತ್ತದೆ. ಅದೇ ಸಾಲ ಬಸುರಿ ಸೊಸೆಯ ರಕ್ತ ಪರೀಕ್ಷೆಗೆ ಸಿಕ್ಕರೆ ಒಂದು ಮಗುವಿನ ಬುದ್ಧಿ ಉಳಿಯುತ್ತದೆ.

ಸಹೋದರಿಯರೇ, ಥೈರಾಯ್ಡ್ ತೊಂದರೆ ಇದ್ದವರೂ ಹೊಲದ ಕೆಲಸ ಮಾಡಬಹುದು, ಮಕ್ಕಳನ್ನು ಹೆರಬಹುದು, ಸಂಘವನ್ನೂ ನಡೆಸಬಹುದು. ಬೇಕಾದ್ದು ಇಷ್ಟೇ: ಅಡಿಗೆಗೆ ಅಯೋಡಿನ್ ಉಪ್ಪು, ನಮ್ಮ ತಟ್ಟೆಯಲ್ಲೂ ಸೊಪ್ಪು-ಕಾಳು, ಅನುಮಾನ ಬಂದರೆ ಪರೀಕ್ಷೆ, ಕೊಟ್ಟ ಮಾತ್ರೆ ಹೊತ್ತಿಗೆ ಸರಿಯಾಗಿ. ಇದನ್ನು ಓದಲು ಬರುವ ಸದಸ್ಯೆಯೊಬ್ಬರು ಮುಂದಿನ ಸಭೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಸಭೆಗೆ ಬರಲಾಗದೆ ಸುಸ್ತಾಗಿ ಮನೆಯಲ್ಲೇ ಕೂತ ಸದಸ್ಯೆ ಇದ್ದರೆ ಅವರ ಮನೆಗೂ ಹೋಗಿ ಹೇಳಿ. ಈ ಮಾತು ಮೊದಲು ತಲುಪಬೇಕಾದ್ದು ಬಹುಶಃ ಅವರಿಗೇ.